ಕೌಂಟರಿನ ಆ ಬದಿಯವರು

ಎಪ್ಪಿಂಗ್ ಅಂತ ಸಿಡ್ನಿಯಲ್ಲೊಂದು, ಮೆಲ್ಬರ್ನ್‌ನಲ್ಲೊಂದು ಊರು. ಎಲ್ಲಿದ್ದರೂ ಕೆಲಸ ಹೋದಾಗ, ಮಗು ಹುಟ್ಟಿದಾಗ ಜನ ಹೋಗಿ ನಿಲ್ಲುವುದು ಸೆಂಟರ್‌ಲಿಂಕ್ ಎಂಬ ಸರ್ಕಾರಿ ನೆರವಿನ ಕಚೇರಿಯಲ್ಲಿ. ಹೊರಬರುವಾಗ ಬೈಯುವುದು ಕೌಂಟರಿನಲ್ಲಿ ಕೂತವರನ್ನು. ನಾವೂ ಬೈದವರೇ. ಇವತ್ತು ಅವರ ಪರ ಎರಡು ಮಾತು.

2016ರಲ್ಲಿ ಅಲ್ಲಿ ಸಾಲ ಹುಡುಕುವ ಕೆಲಸ ದೊಡ್ಡ ಮಟ್ಟದಲ್ಲಿ ಕಂಪ್ಯೂಟರಿಗೆ ಹೋಯಿತು. ಜನ ಅದನ್ನು 'ರೋಬೋಡೆಟ್' ಅಂದರು. ನಾವು ಬಿ.ಕಾಂ. ಓದಿದವರು, ಲೆಕ್ಕ ಹೇಳ್ತೇವೆ ಕೇಳಿ. ಒಬ್ಬ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದ. ಮುಂದಿನ ಆರು ತಿಂಗಳು ಕೆಲಸವಿಲ್ಲ, ನೆರವು ಪಡೆದ. ಹಳೆಯ ಪೇಸ್ಲಿಪ್ ತೋರಿಸಲು ಆಗದಿದ್ದರೆ ಕಂಪ್ಯೂಟರ್ ಆ ಹಣವನ್ನು ವರ್ಷದ 26 ಕಂತಿಗೆ ಸಮನಾಗಿ ಹಂಚುತ್ತಿತ್ತು: ಎರಡು ವಾರಕ್ಕೊಮ್ಮೆ 1,000 ಬಂದಿದೆ, ನೆರವು ವಾಪಸ್ ಕೊಡು!

ತಪ್ಪು ಒಳಗಿನವರಿಗೆ ಕಂಡಿತ್ತು. ಆದರೆ ಅಳುತ್ತಾ ಬಂದವರನ್ನು ಆನ್‌ಲೈನ್‌ಗೆ ಕಳಿಸಿ ಎಂದೇ ಮೇಲಿನಿಂದ ಆದೇಶ. ಕೊಲೀನ್ ಟೇಲರ್ ಎಂಬ ಸಿಬ್ಬಂದಿ 2017ರಲ್ಲಿ ಇಲಾಖೆಯ ಕಾರ್ಯದರ್ಶಿಗೇ ಬರೆದರು. ಯೋಜನೆ ನಿಲ್ಲಲಿಲ್ಲ. ಇಂಥ ಸಾಲಕ್ಕೆ ಕಾನೂನಿನ ಆಧಾರವಿಲ್ಲ ಎಂದು ಸರ್ಕಾರ ಕೋರ್ಟಿನಲ್ಲಿ ಒಪ್ಪಿದ್ದು 2019ರ ನವೆಂಬರಿನಲ್ಲಿ. ರಾಯಲ್ ಕಮಿಷನ್ ವರದಿ ಬಂದದ್ದು 2023ರಲ್ಲಿ.

ತಪ್ಪೆಂದು ಗೊತ್ತಿರುವ ಕಾಗದವನ್ನು ದಿನವಿಡೀ ಸಮರ್ಥಿಸಿ ಸಂಜೆ ಮನೆಗೆ ಹೋಗುವುದು ಹೇಗಿರುತ್ತದೆ? ನಮ್ಮ ಆಫೀಸುಗಳಲ್ಲೂ ಬಾಸ್ ಹೇಳಿದ ಲೆಕ್ಕಕ್ಕೆ ಬಾಯಿಮುಚ್ಚಿ ಸಹಿ ಹಾಕಿದ ದಿನ ಇಲ್ಲವೆನ್ನಲಾರೆವು. ಆ ಹೆಂಗಸು ಹಾಗೆ ಮಾಡಲಿಲ್ಲ.

ಅಂದ ಹಾಗೆ, ಪೇಸ್ಲಿಪ್ ಎಸೆಯಬೇಡಿ. ಫೋನಿನಲ್ಲಾದರೂ ಒಂದು ಫೋಟೋ ಇರಲಿ.