ಇಸುಬು, ಅಲರ್ಜಿ ಮತ್ತು ನಮ್ಮ ಊಟದ ತಟ್ಟೆ

ನಾನು ವೈದ್ಯೆಯಲ್ಲ. 16 ವರ್ಷದ ಮಗಳ ತಾಯಿಯಾಗಿ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕೆಂದು ಬಂದಿದ್ದೇನೆ.

ಮಗಳಿಗೆ ಚಿಕ್ಕಂದಿನಿಂದಲೂ ಎಕ್ಸಿಮಾ, ನಮ್ಮ ಹಿರಿಯರ ಮಾತಿನಲ್ಲಿ ಇಸುಬು. ರಾತ್ರಿಯೆಲ್ಲ ತುರಿಕೆ. ನೋಡಲಾರದೆ ಯಾರನ್ನೂ ಕೇಳದೆ ನಾನೇ ರಕ್ತದ ಅಲರ್ಜಿ ಪರೀಕ್ಷೆ ಮಾಡಿಸಿದೆ. ಹಾಲು, ಗೋಧಿ, ತೊಗರಿಬೇಳೆ, ಶೇಂಗಾ ಎಲ್ಲವೂ ಪಾಸಿಟಿವ್! ಅಂದಿನಿಂದ ಚಪಾತಿ, ಮೊಸರು, ಸಾರು, ಚಟ್ನಿಪುಡಿ ಎಲ್ಲ ಬಂದ್. ಐದು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಇಳಿಯಿತು, ತುರಿಕೆ ಇಳಿಯಲಿಲ್ಲ. ಗೆಳತಿಯರ ಹುಟ್ಟುಹಬ್ಬಕ್ಕೆ ಹೋಗುವುದನ್ನೂ ಬಿಟ್ಟಳು.

ಕೊನೆಗೆ ಅಲರ್ಜಿ ತಜ್ಞರ ಬಳಿ ಹೋದೆವು. ಅವರು ವರದಿ ನೋಡುವ ಮೊದಲೇ ಕೇಳಿದರು: "ಯಾವುದನ್ನು ತಿಂದಾಗ ಏನಾಯಿತು? ಎಷ್ಟು ಹೊತ್ತಿಗೆ? ಪ್ರತಿ ಸಲವೂ ಆಯಿತೇ?" ಶೇಂಗಾ ಒಂದಕ್ಕೇ ನನ್ನಲ್ಲಿ ಉತ್ತರವಿತ್ತು. ಚಿಕ್ಕಿ ತಿಂದ ಹತ್ತು ನಿಮಿಷದಲ್ಲಿ, ಎರಡು ಸಲ, ತುಟಿ ಊದಿ ಮೈಮೇಲೆ ಗಂಧೆ ಎದ್ದಿದ್ದವು.

ಇಸುಬು ಇರುವವರಲ್ಲಿ ರಕ್ತಪರೀಕ್ಷೆಯಾಗಲಿ, ಚರ್ಮದ ಚುಚ್ಚು ಪರೀಕ್ಷೆಯಾಗಲಿ ಪಾಸಿಟಿವ್ ಬರುವುದು ಸಾಮಾನ್ಯವಂತೆ. ದೇಹ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅದರರ್ಥ. ತಿಂದರೆ ತೊಂದರೆ ಆಗಿಯೇ ತೀರುತ್ತದೆ ಎಂದಲ್ಲ. ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಇಸುಬು ಕೆರಳಲು ಆಹಾರವೇ ಕಾರಣವಾಗುವುದು ಕಡಿಮೆ.

ಹಾಗಂತ ಬಿಟ್ಟದ್ದನ್ನೆಲ್ಲ ಮನೆಯಲ್ಲೇ ಮತ್ತೆ ಕೊಡಬೇಡಿ ಎಂದರು. ಬಹಳ ದಿನ ಬಿಟ್ಟ ಆಹಾರ ತಿರುಗಿ ಕೊಟ್ಟಾಗ ಕೆಲವರಿಗೆ ತಕ್ಷಣದ, ತೀವ್ರ ಅಲರ್ಜಿ ಆಗಬಹುದು. ಹಾಗಾಗಿ ಹಾಲು, ಗೋಧಿ, ಬೇಳೆಯನ್ನು ಬೇರೆ ಬೇರೆ ದಿನ ಆಸ್ಪತ್ರೆಯಲ್ಲೇ, ಚೂರು ಚೂರಾಗಿ ಹೆಚ್ಚಿಸುತ್ತ ತಿನ್ನಿಸಿ ನೋಡಿದರು. ಇಸುಬು ತಡವಾಗಿಯೂ ಕೆರಳಬಹುದೆಂದು ಎರಡು ದಿನ ಚರ್ಮವನ್ನೂ ಗಮನಿಸಿದರು. ಮೂರರಿಂದಲೂ ಏನೂ ಆಗಲಿಲ್ಲ. ಶೇಂಗಾ ಮಾತ್ರ ನಿಜವಾದ ಅಲರ್ಜಿ. ಅದನ್ನು ಪೂರ್ತಿ ಬಿಟ್ಟಿದ್ದೇವೆ. ತಪ್ಪಿ ತಿಂದು ಉಸಿರು ಕಟ್ಟಿದರೆ ಮೊದಲ ಔಷಧ ಅಡ್ರಿನಲಿನ್ ಇಂಜೆಕ್ಷನ್ ಎಂಬುದನ್ನೂ ಕಲಿತಿದ್ದೇವೆ.

ತುರಿಕೆ ತಗ್ಗಿದ್ದು ದಿನವೂ ತಪ್ಪದೆ ಮಾಯಿಶ್ಚರೈಸರ್, ವೈದ್ಯರು ಹೇಳಿದಷ್ಟು ಮುಲಾಮು ಹಚ್ಚಿದ ಮೇಲೆ.

ಅಕ್ಕತಂಗಿಯರೇ, ಪರೀಕ್ಷೆಗೆ ಮೊದಲು ಒಂದು ನೋಟ್‌ಬುಕ್ ಇಡಿ. ಏನು ತಿಂದರು, ಎಷ್ಟು ಹೊತ್ತಿಗೆ ಏನಾಯಿತು ಬರೆಯಿರಿ. ಅದನ್ನು ವೈದ್ಯರಿಗೆ ತೋರಿಸಿ. ಬರೀ ವರದಿ ನೋಡಿ ಮಕ್ಕಳ ತಟ್ಟೆ ಖಾಲಿ ಮಾಡಬೇಡಿ.

ಮೊನ್ನೆ ಮಗಳು, "ಅಮ್ಮಾ, ಇನ್ನೊಂದು ಚಪಾತಿ ಹಾಕು" ಅಂದಳು. ನನಗೆ ಅಷ್ಟೇ ಸಾಕಾಯಿತು.