ತೋಟದ ಇಂಗ್ಲೀಷಿಗೂ ಸಂಶೋಧನಾ ವೇತನ ಬೇಕು

(ಮೇಗುಂದ ಹೋಬಳಿಯ ತೋಟ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲೀಷಿನ ದೊರೆತನ ತೊಲಗಲಿ ಎಂದು ಲೋಹಿಯಾರವರ ಕಾಲದಿಂದ ಕೂಗುತ್ತ ಬಂದವರು ನಾವು. ಅಂಥ ನಾವೇ ಇಂಗ್ಲೀಷಿನ ಮೇಲೆ ಪಿಎಚ್.ಡಿ. ಮಾಡುವವರಿಗೆ ಸರ್ಕಾರ ಹಣ ಕೊಡಲಿ ಎನ್ನುತ್ತಿದ್ದೇವೆ. ಮೆಟ್ರಿಕ್ಕಿಗೇ ನಿಂತವರಿಗೆ ಈ ಉಸಾಬರಿ ಏಕೆ ಎಂದು ಕೆಲವರು ನಕ್ಕದ್ದೂ ಉಂಟು. ನಗಲಿ. ಇಂಗ್ಲೀಷನ್ನು ಓದಲೇಬಾರದು ಎಂದವರಲ್ಲ ಲೋಹಿಯಾ. ಅದು ಕಚೇರಿಯಲ್ಲಿ ಕೂತು ಆಳಬಾರದು ಎಂದರು. ಮೇಲಾಗಿ ನಾವು ಹೇಳುವುದು ಲಂಡನ್ನಿನ ಇಂಗ್ಲೀಷಿನ ಮಾತಲ್ಲ, ನಿಮ್ಮ ಬಾಯಲ್ಲೇ ಇರುವ ಇಂಗ್ಲೀಷಿನ ಮಾತು.

ರೈಟರ್ ಎಂದರೆ ಇಂಗ್ಲೆಂಡಿನಲ್ಲಿ ಪುಸ್ತಕ ಬರೆಯುವವನು, ನಮ್ಮಲ್ಲಿ ಹಾಜರಿ ಬರೆಯುವವನು. ಲೈನು ಅವರಿಗೆ ಗೆರೆ. ನಮಗೆ ಮನೆ, ಅದೂ ಸೋರುವ ಮನೆ. ಪಾರ್ಚ್‌ಮೆಂಟ್ ಅವರಿಗೆ ಬರೆಯುವ ತೊಗಲು. ನಮಗೆ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರ್ರಿ. ಹೂವರಳಿಸುವ ಮಳೆ ಬ್ಲಾಸಂ, ಅದರ ಬೆನ್ನಿಗೆ ಕಾಯಿ ಕಚ್ಚಲು ಬರಬೇಕಾದ ಮಳೆ ಬ್ಯಾಕಿಂಗ್. ದೊರೆಗಳು ತಂದ ಮಾತುಗಳನ್ನು ಘಟ್ಟದ ಕೆಳಗಿನಿಂದ ಬಂದವರು, ತಮಿಳು ಸೀಮೆಯಿಂದ ಬಂದವರು, ಈಗ ಅಸ್ಸಾಮಿನಿಂದ ಬರುತ್ತಿರುವವರು ದುಡಿಯುತ್ತ ದುಡಿಯುತ್ತ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ.

ಇದು ತಮಾಷೆಗೆ ಹೇಳಿದ್ದಲ್ಲ. ಕ್ಯಾಶುಯಲ್ ಎಂಬ ಮಾತನ್ನೇ ನೋಡಿ. ನಿಘಂಟಿನಲ್ಲಿ ಅದಕ್ಕೆ ಆಗೊಮ್ಮೆ ಈಗೊಮ್ಮೆ ಎಂಬ ಅರ್ಥ. ಚೆಕ್‌ರೋಲಿನಲ್ಲಿ ಅದೇ ಮಾತು ಹತ್ತು ವರ್ಷ ತಪ್ಪದೆ ಕೆಲಸಕ್ಕೆ ಬಂದ ಹೆಂಗಸಿನ ಹೆಸರಿನ ಮುಂದೆ ಕೂತಿದ್ದರೆ? ಆಕೆ ಗ್ರಾಚ್ಯುಯಿಟಿ ಕೇಳಲು ಹೋದಾಗ ಅಧಿಕಾರಿ ಓದುವುದು ನಿಘಂಟಿನ ಅರ್ಥವನ್ನು. ಆಕೆಯ ಬೆನ್ನಿಗೆ ಗೊತ್ತಿರುವುದು ತೋಟದ ಅರ್ಥ. ಈ ಎರಡು ಅರ್ಥಗಳ ಸಂದಿಯಲ್ಲಿ ಎಷ್ಟು ಕೂಲಿ ಸೋರಿಹೋಗುತ್ತದೆ ಎಂಬುದನ್ನು ಯಾರಾದರೂ ಕೂತು ಬರೆಯಬೇಡವೇ?

ಹಣವಿಲ್ಲ ಎನ್ನುವ ಮಾತು ಬೇಡ. ಕಾಫಿಯ ಎಲೆಗೆ ರೋಗ ತಗುಲಿದಾಗ ಮೈಸೂರು ಸರ್ಕಾರ ೧೯೧೫ರಲ್ಲಿ ಇದೇ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕೇಂದ್ರವನ್ನೇ ಕಟ್ಟಿತು. ಒಳ್ಳೆಯ ಕೆಲಸವೇ. ಸರಿಯಾದ ಇಂಗ್ಲೀಷು ಕಲಿಸುವುದಕ್ಕೆಂದು ೧೯೫೮ರಲ್ಲಿ ಹೈದರಾಬಾದಿನಲ್ಲೂ ೧೯೬೩ರಲ್ಲಿ ಬೆಂಗಳೂರಿನಲ್ಲೂ ಸಂಸ್ಥೆಗಳೆದ್ದವು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ, ನಮ್ಮ ಸಮಾಜವಾದಿ ಬಳಗದವರೇ ಆದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ೧೯೩೦ರ ದಶಕದ ಇಂಗ್ಲೀಷ್ ಕಾದಂಬರಿ. ಅಲ್ಲೇ ಕೂತು ಕನ್ನಡದಲ್ಲಿ ‘ಸಂಸ್ಕಾರ’ ಬರೆದರು. ಬ್ರಿಟಿಷರ ದುಡ್ಡಿನಲ್ಲಿ ನಮಗಾದ ಲಾಭ ಅದು!

ಈಗ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನಾ ವೇತನ, ೨೦೨೩ರ ಜನವರಿಯಿಂದ, ತಿಂಗಳಿಗೆ ೩೭,೦೦೦ ರೂಪಾಯಿ. ತೋಟದ ಇಂಗ್ಲೀಷನ್ನು ವಿಷಯವಾಗಿ ಆರಿಸಿಕೊಳ್ಳಬಾರದೆಂಬ ಕಟ್ಟಳೆಯೇನೂ ಇಲ್ಲ. ಅಡ್ಡಿ ಇರುವುದು ಬಾಗಿಲಲ್ಲಿ. ಅದಕ್ಕೆ ಬರೆಯಬೇಕಾದ ನೆಟ್ ಪರೀಕ್ಷೆಯ ಮೊದಲ ಪತ್ರಿಕೆ, ಎಲ್ಲರಿಗೂ ಕಡ್ಡಾಯವಾದದ್ದು, ಇಂಗ್ಲೀಷು ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿ ಸೀಮೆಯ ಹುಡುಗ ತನ್ನ ಮಾತಿನಲ್ಲಿ ಪ್ರಶ್ನೆ ಓದಿಕೊಳ್ಳುತ್ತಾನೆ. ಓದಿಕೊಳ್ಳಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಲೈನಿನಲ್ಲಿ ಹುಟ್ಟಿ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿಗೆ ಆ ಸವಲತ್ತು ಏಕಿಲ್ಲ? ಚೆಕ್‌ರೋಲಿನ ಮಾತನ್ನು ಹುಟ್ಟಿನಿಂದ ಬಲ್ಲವಳು ಅವಳು. ೨೦೨೪ರ ಜೂನ್ ೧೮ರ ಪರೀಕ್ಷೆಯನ್ನಂತೂ ಮರುದಿನವೇ ರದ್ದು ಮಾಡಿದರು. ಸಾಲ ಮಾಡಿ ಬಸ್ಸು ಹತ್ತಿದವರ ಗತಿಯನ್ನು ಕೇಳಿದವರಾರು?

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಬೇಕು. ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ. ಅಲ್ಲಿ ತೋಟ ಕಾರ್ಮಿಕರ ಮಕ್ಕಳಿಗೆಂದೇ ರಾಜ್ಯ ಸರ್ಕಾರ ಕೆಲವು ಸಂಶೋಧನಾ ವೇತನಗಳನ್ನು ತೆಗೆದಿಡಬೇಕು. ಬರೆದದ್ದು ಕನ್ನಡದಲ್ಲೂ ಅಚ್ಚಾಗಿ ಒಂದು ಪ್ರತಿ ಈ ಹೋಬಳಿಗೆ ಬರಬೇಕು.

ಅರ್ಜಿಯನ್ನು ಬರೆದು ತಂದಿದ್ದೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಒತ್ತುವ ಮೊದಲು ನಿಮ್ಮ ತೋಟದಲ್ಲಿ ನಡೆಯುವ ಇಂಥ ಮಾತು ಯಾವುದಿದೆಯೋ ಹೇಳಿ. ಪಕ್ಕದ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಳ್ಳುತ್ತೇವೆ.