ಹೆಸರು ಬದಲಾದರೆ ಲೆಕ್ಕ ಬದಲಾಗುತ್ತದೆಯೇ?

(ಬೈಯಪ್ಪನಹಳ್ಳಿಯಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಖಜಾಂಚಿಯವರು ಮಾಡಿದ ಭಾಷಣದ ಬರಹರೂಪ)

 

ಖಜಾಂಚಿ ಮಾತಾಡಲು ನಿಂತರೆ ಜನ ಚಹಾದ ಕಡೆ ನೋಡುತ್ತಾರೆ ಎಂದು ನನಗೆ ಗೊತ್ತು. ಜಮಾ-ಖರ್ಚು ಈ ವರದಿಯಲ್ಲೇ ಅಚ್ಚಾಗಿದೆ, ಅದನ್ನು ಓದಿ ಹೇಳುವುದಿಲ್ಲ. ಟ್ರಸ್ಟಿಗೆ ಬರುವ ಹಣ ಹೆಚ್ಚಿನ ಪಾಲು ವ್ಯಾಪಾರಿಗಳದ್ದು. ಹಾಗಾಗಿ ವ್ಯಾಪಾರದ ಒಂದು ಮಾತು ಆಡುತ್ತೇನೆ. ಬೇರೆಯವರ ಲೆಕ್ಕ ಬರೆದೇ ನನ್ನ ಆಯುಸ್ಸು ಕಳೆಯಿತು. ಹೊಸ ಚಪ್ಪಲಿಯ ಹಾಗೆ ಕಾನೂನು ಕಚ್ಚತೊಡಗಿದಾಗ ನಮ್ಮಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ: ಮಾಡುತ್ತಿರುವುದನ್ನೇ ಮಾಡಿಕೊಂಡು, ಅದರ ಹೆಸರು ಮಾತ್ರ ಬದಲಿಸುತ್ತೇವೆ.

ಇಲ್ಲಿ ಕುಳಿತಿರುವ ಎಷ್ಟೋ ಮನೆಗಳಿಗೆ 2019ರ ಜೂನ್ ತಿಂಗಳು ಮರೆತಿಲ್ಲ. ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯಲ್ಲಿ ಐಎಂಎ ಕಚೇರಿಯ ಬಾಗಿಲು ಮುಚ್ಚಿತು, ಅದರ ಮಾಲೀಕ ಮನ್ಸೂರ್ ಖಾನ್ ದುಬೈ ಸೇರಿದ್ದರು. ದೂರು ಕೊಟ್ಟವರು 40,000ಕ್ಕೂ ಹೆಚ್ಚು ಜನ. ಮಗಳ ಮದುವೆಗೆ ಇಟ್ಟದ್ದು, ಹಜ್‌ಗೆ ಕೂಡಿಟ್ಟದ್ದು, ನಿವೃತ್ತಿಯ ಹಣ ಎಲ್ಲವೂ ಅದರಲ್ಲಿತ್ತು. ಬಡ್ಡಿ ಬೇಡ ಎಂಬ ಒಂದೇ ಕಾರಣಕ್ಕೆ ಬ್ಯಾಂಕು ಬಿಟ್ಟು ಅಲ್ಲಿಗೆ ಹೋದವರು ಎಷ್ಟೋ ಮಂದಿ. ಖಾನ್ ಅವರನ್ನು ಜುಲೈ ತಿಂಗಳಲ್ಲಿ ದೆಹಲಿಯಲ್ಲಿ ಬಂಧಿಸಿದರು, ಆಮೇಲೆ ತನಿಖೆ ಸಿಬಿಐಗೆ ಹೋಯಿತು.

ಅಲ್ಲಿ ಕಾಗದ ಇರಲಿಲ್ಲವೇ? ಬೇಕಾದಷ್ಟಿತ್ತು. ಸಾರ್ವಜನಿಕರಿಂದ ಠೇವಣಿ ಪಡೆಯಬೇಕಾದರೆ ಅನುಮತಿ ಬೇಕು, ರಿಸರ್ವ್ ಬ್ಯಾಂಕಿನ ಕಣ್ಣು ಇರುತ್ತದೆ. ಅದಕ್ಕೇ ಠೇವಣಿ ಇಟ್ಟವರನ್ನು ಎಲ್‌ಎಲ್‌ಪಿ ಎಂಬ ಪಾಲುದಾರಿಕೆ ಸಂಸ್ಥೆಗಳಲ್ಲಿ ‘ಪಾಲುದಾರರು’ ಎಂದು ಬರೆದುಕೊಂಡರು. ಠೇವಣಿಗೆ ಬಂಡವಾಳ ಎಂದು ಹೆಸರಾಯಿತು, ತಿಂಗಳ ಹಣಕ್ಕೆ ಲಾಭಾಂಶ ಎಂದು. ಸರ್ಕಾರದ ವಿಚಾರಣೆಯೂ ನಡೆದು, ಸಂಸ್ಥೆಗೆ ಅನುಕೂಲವಾದ ವರದಿ ಹೋಗಿತ್ತು. ಅಂಥ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ ಆಮೇಲೆ ಕಂದಾಯ ಅಧಿಕಾರಿಗಳ ಬಂಧನವಾಯಿತು. ಪಾಲುದಾರ ಎಂದ ಮೇಲೆ ಒಂದು ತಿಂಗಳು ಲಾಭ, ಇನ್ನೊಂದು ತಿಂಗಳು ನಷ್ಟ ಬರಬೇಕಲ್ಲವೇ? ಕಿರಾಣಿ ಅಂಗಡಿ ಇಟ್ಟವರಿಗೂ ಗೊತ್ತಿರುವ ವಿಷಯ ಇದು. ವರ್ಷಗಟ್ಟಲೆ ನಷ್ಟವೇ ಕಾಣದ ಪಾಲುದಾರಿಕೆ ಎಂಥದು ಎಂದು ನಾವು ಕೇಳಲಿಲ್ಲ. ‘ಹಲಾಲ್’ ಎಂಬ ಹೆಸರು ಕೇಳಿ ಸುಮ್ಮನಾದೆವು. ಅದೇ 2019ರಲ್ಲಿ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಪಾಲುದಾರರು ಹಾಕುವ ಬಂಡವಾಳ ಅದರಲ್ಲೂ ಠೇವಣಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಾಳೆ ಯಾರಾದರೂ ನಿಮ್ಮನ್ನು ಪಾಲುದಾರರಾಗಿ ಎಂದು ಕರೆದರೆ, ಎಲ್‌ಎಲ್‌ಪಿಯ ಹೆಸರು ಕೇಳಿ. ಪ್ರತಿ ಎಲ್‌ಎಲ್‌ಪಿ ವರ್ಷಕ್ಕೊಮ್ಮೆ ಫಾರಂ 8 ಮತ್ತು ಫಾರಂ 11 ಸಲ್ಲಿಸಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಿಮಗೆ ಓದಲು ಬಾರದಿದ್ದರೆ ಬಿಕಾಂ ಓದುವ ಮಕ್ಕಳು ಈ ಸಭೆಯಲ್ಲೇ ಇದ್ದಾರೆ.

ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಿಮಗೆ ಗೊತ್ತು. ಮೇಲೆ ಒಣ ಕಾಳು, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ, ಅದು ಸುಳ್ಳೂ ಇರಲಾರದು. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದೇ ಅವರ ಪ್ರಶ್ನೆಯಾಗಿತ್ತು.

ಇಷ್ಟು ಹೊತ್ತು ಬೇರೆಯವರ ಕಥೆ ಹೇಳಿದೆ. ಈಗ ನನ್ನದು.

2018ರಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಮಾಲೀಕರೊಬ್ಬರು ನನ್ನ ಬಳಿ ಬಂದರು. ನಮ್ಮ ಟ್ರಸ್ಟಿಗೆ ಪ್ರತಿ ರಂಜಾನಿನಲ್ಲಿ ಝಕಾತ್ ಕೊಡುವವರು, ಒಳ್ಳೆಯ ಮನುಷ್ಯ. ಕೆಲಸಗಾರರು 23 ಜನ. 20 ಆದರೆ ಭವಿಷ್ಯನಿಧಿ ಕಾಯ್ದೆ ಅನ್ವಯಿಸುತ್ತಿತ್ತು, ಮಾಲೀಕರು 12 ಪರ್ಸೆಂಟ್ ಕಟ್ಟಬೇಕಿತ್ತು. “ಭಾಯ್, ಪಕ್ಕದವನು ಕಟ್ಟುವುದಿಲ್ಲ. ನಾನು ಕಟ್ಟಿ ರೇಟು ಹೇಳಿದರೆ ಆರ್ಡರ್ ಅವನಿಗೆ ಹೋಗುತ್ತದೆ. ಆಗ ಈ 23 ಜನಕ್ಕೂ ಕೆಲಸ ಇರಲ್ಲ,” ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ, ಕಷ್ಟ ಇರುವುದೇ ಅಲ್ಲಿ. ತಮ್ಮನ ಹೆಸರಿನಲ್ಲಿ ಇನ್ನೊಂದು ಸಂಸ್ಥೆ ತೆರೆದು, 11 ಜನರನ್ನು ಅತ್ತ ಬರೆದರಾಯಿತು ಎಂದು ಉಪಾಯವಾಯಿತು. ಒಂದೇ ಶೆಡ್ಡು, ಒಂದೇ ಮೀಟರು, ಒಬ್ಬನೇ ಮೇಸ್ತ್ರಿ. ಎರಡನೆಯ ಜಿಎಸ್‌ಟಿ ನೋಂದಣಿಯ ಅರ್ಜಿ ತುಂಬಿದವನು ನಾನು. ಹೀಗೆ ಒಡೆದ ಸಂಸ್ಥೆಯನ್ನು ಕಾನೂನು ಒಂದೇ ಎಂದು ಎಣಿಸಬಹುದು ಎಂದು ಗೊತ್ತಿದ್ದೂ ತುಂಬಿದೆ.

ಮೂರು ವರ್ಷದ ಮೇಲೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುತ್ತಿದ್ದೆ. ಒಂದರಲ್ಲಿ ತಂದೆ ತೀರಿಕೊಂಡಿದ್ದಾರೆ, ವೆಲ್ಡರ್, ಕೆಲಸ ಮಾಡುತ್ತಿದ್ದ ಜಾಗ ಇಂಥದು ಎಂದಿತ್ತು. ಆ ತಮ್ಮನ ಹೆಸರಿನ ಸಂಸ್ಥೆ. ಕಾಯಿಲೆಯಿಂದ ಹೋದ ಮನುಷ್ಯ, ಎರಡು ಮಕ್ಕಳು. ಭವಿಷ್ಯನಿಧಿ ಇದ್ದಿದ್ದರೆ ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ಪಿಂಚಣಿ, ಅದರ ಜೊತೆಗೆ 7 ಲಕ್ಷದವರೆಗೆ ವಿಮೆ ಸಿಗುವ ಅವಕಾಶವಿತ್ತು. ಸಾವು ಕೆಲಸದ ಜಾಗದಲ್ಲೇ ಆಗಬೇಕೆಂದೂ ಇಲ್ಲ. ಆ ತಾಯಿ ಹಕ್ಕಿನಿಂದ ಪಡೆಯಬೇಕಾದ್ದಕ್ಕೆ ನಮ್ಮ ಮುಂದೆ ಅರ್ಜಿ ಹಿಡಿದು ನಿಂತಿದ್ದರು. ಅವರಿಗೆ ನಾವು ಕೊಡಲಿದ್ದ ಹಣದಲ್ಲಿ ಅದೇ ಮಾಲೀಕರ ಝಕಾತೂ ಸೇರಿತ್ತು.

ಸಮಿತಿಯ ಮುಂದೆ ನನ್ನ ಪಾಲನ್ನು ಒಪ್ಪಿಕೊಂಡೆ. ಖಜಾಂಚಿ ಸ್ಥಾನ ಬಿಡುತ್ತೇನೆ ಎಂದೆ. ಮೊದಲು ಕೆಲಸ ಸರಿಮಾಡಿ ಬಾ ಎಂದರು. ಮಾಲೀಕರ ಬಳಿ ಹೋದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕುಟುಂಬಕ್ಕೆ ದೊಡ್ಡ ಮೊತ್ತ ಕೊಡುತ್ತೇನೆ, ಟ್ರಸ್ಟಿನ ಮೂಲಕವೇ ಹೋಗಲಿ, ಈ ವರ್ಷದ ಝಕಾತ್‌ನಲ್ಲಿ ಸೇರಿಸಿಕೊಳ್ಳಿ ಎಂದರು. ಸಮಿತಿ ಒಪ್ಪಲಿಲ್ಲ. ಕೊಡಬೇಕಾದ ಬಾಕಿ ಝಕಾತ್ ಆಗುವುದಿಲ್ಲ. ಅದಕ್ಕೆ ನಮ್ಮ ರಸೀದಿ ಕೊಟ್ಟರೆ ನಾವೂ ಹೆಸರು ಬದಲಿಸಿದ ಹಾಗೆ. ಅವರು ನೇರವಾಗಿ ಆ ಮನೆಗೇ ಹೋಗಿ ಕೊಟ್ಟರು. ಮುಂದಿನ ಏಪ್ರಿಲ್‌ನಿಂದ ಎರಡು ಸಂಸ್ಥೆ ಒಂದಾಯಿತು, ಎಲ್ಲರಿಗೂ ಭವಿಷ್ಯನಿಧಿ ಶುರುವಾಯಿತು. ಅವರು ಹೆದರಿದ್ದ ಹಾಗೆಯೇ ಒಂದು ದೊಡ್ಡ ಆರ್ಡರ್ ಕೈತಪ್ಪಿತು. ಅದು ಇನ್ನೂ ವಾಪಸ್ ಬಂದಿಲ್ಲ, ಇಬ್ಬರನ್ನು ಕೆಲಸದಿಂದ ಬಿಡಬೇಕಾಯಿತು. ಸರಿಯಾಗಿ ನಡೆದರೆ ಬರಕತ್ ತಾನಾಗಿ ಬರುತ್ತದೆ ಎಂದು ನಾನು ಇಲ್ಲಿ ಸುಲಭವಾಗಿ ಹೇಳಲಾರೆ. ಆ ಇಬ್ಬರಿಗೆ ನಾನು ಏನು ಹೇಳಲಿ?

ದಾನಿಗಳಿಗೆ ಒಂದೆರಡು ಮಾತು. ಚೆಕ್ಕಿನಲ್ಲಿ 5 ಲಕ್ಷ ಕೊಡುತ್ತೇವೆ, 4 ಲಕ್ಷ ನಗದಾಗಿ ಹಿಂದಿರುಗಿಸಿ ಎಂದು ಕೇಳುವವರು ಪ್ರತಿ ಮಾರ್ಚ್‌ನಲ್ಲಿ ಬರುತ್ತಾರೆ. ಉಳಿಯುವ 1 ಲಕ್ಷದಲ್ಲಿ ಎಷ್ಟೋ ಮಕ್ಕಳ ಫೀಸು ಆಗುತ್ತದಲ್ಲ ಎನ್ನುತ್ತಾರೆ. ಹೌದು, ಆಗುತ್ತದೆ. ಆದರೂ ನಾವು ತೆಗೆದುಕೊಳ್ಳುವುದಿಲ್ಲ. ನಗದು ದೇಣಿಗೆ 2,000 ರೂಪಾಯಿ ಮೀರಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಳೆಯ ತಾರೀಖಿನ ರಸೀದಿಯನ್ನು ದಯವಿಟ್ಟು ಕೇಳಬೇಡಿ.

ಪೋಷಕರೇ, ಆದಾಯ ಪ್ರಮಾಣಪತ್ರದಲ್ಲಿ ನಿಜವಾದ ಆದಾಯವನ್ನೇ ಬರೆಸಿ. ಮಿತಿಗಿಂತ ಸ್ವಲ್ಪ ಹೆಚ್ಚಿದ್ದರೆ ಅರ್ಜಿಯ ಜೊತೆ ಒಂದು ಪತ್ರದಲ್ಲಿ ಕಷ್ಟ ತಿಳಿಸಿ, ಸಮಿತಿ ಓದುತ್ತದೆ. ಮನೆಯವರು ದುಡಿಯುವ ಜಾಗದ ಹೆಸರನ್ನೂ, ಅಲ್ಲಿ ಭವಿಷ್ಯನಿಧಿ ಇದೆಯೇ ಎಂಬುದನ್ನೂ ಬರೆಯಿರಿ. ಆ ಕಾಲಂ ಸೇರಿಸಿದ್ದು ಆ ವೆಲ್ಡರ್ ಅವರ ಅರ್ಜಿ ನೋಡಿದ ಮೇಲೆ. ಅವರ ದೊಡ್ಡ ಮಗಳು ಇವತ್ತು ಇಲ್ಲಿದ್ದಾಳೆ, ಡಿಪ್ಲೊಮಾ ಎರಡನೆಯ ವರ್ಷ.

ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ಕು ಆ ಮೂಲೆಯ ಮೇಜಿನ ಮೇಲಿವೆ. ಅಸರ್ ನಮಾಝಿನ ತನಕ ನಾನು ಅಲ್ಲೇ ಕುಳಿತಿರುತ್ತೇನೆ, ಬಂದು ನೋಡಿ, ಕೇಳಿ.